ಮೈಸೂರಿಗೆ ಅಂಕಿತವಾದ ರುಷ್ಯನ್ ಸಂಗೀತ

ಕ್ರಿ. ಶ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಆಂಗ್ಲರ ಕೈಸೇರಿದ ವಸ್ತುಗಳಲ್ಲಿ ಒಂದು ವಿಚಿತ್ರವಾದ ವಾದ್ಯವೂ ಇದ್ದಿತು. ನೆಲಕ್ಕೆ ಬಿದ್ದ ಪರಂಗಿಯವನೊಬ್ಬನ ಮೇಲೆ ಎರಗಿ ನಿಂತ ಮರದ ಹುಲಿ. ಅದರ ಒಡಲಿನಲ್ಲಿ ತಿದಿ, ಕೊಳವೆ, ಮೆಟ್ಟುಗಳುಳ್ಳ ಒಂದು ಪುಟ್ಟ ಆರ್ಗನ್. ಟಿಪ್ಪು ಸುಲ್ತಾನನಿಗಾಗಿ ನಿರ್ಮಿತವಾದ ಆ ಹುಲಿ ಕಡಲು ದಾಟಿ ಹೋಗಿ ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ನಮ್ಮ ಸೀಮೆಗೂ ಲಂಡನ್ನಿನ ಸಂಗೀತಕ್ಕೂ ಏನು ನಂಟು ಎಂದು ಕೇಳಿದರೆ ಬಹುಮಂದಿಗೆ ನೆನಪಾಗುವುದು ಈ ಹುಲಿಯೊಂದೇ. ಆದರೆ ಅದಾದ ಸುಮಾರು ಒಂದೂವರೆ ಶತಮಾನದ ಮೇಲೆ ಇದೇ ಮೈಸೂರು ಸೀಮೆಯಿಂದ ಅದೇ ಲಂಡನ್ನಿಗೆ ಮತ್ತೊಂದು ಸಂಪತ್ತು ಹೋಯಿತು. ಅದು ಕೊಳ್ಳೆಯಾಗಿ ಹೋದುದಲ್ಲ, ಕೊಡುಗೆಯಾಗಿ ಹೋದುದು. ಅದನ್ನು ಪಡೆದವನು ಆಂಗ್ಲನೂ ಅಲ್ಲ. ರುಷ್ಯಾದಲ್ಲಿ ಹುಟ್ಟಿ, ಮಾಸ್ಕೋ ನಗರದ ಸಂಗೀತವಿದ್ಯಾಲಯದಲ್ಲಿ ಕಲಿತು, ದೇಶಭ್ರಷ್ಟನಾಗಿ ಮೂರು ದೇಶಗಳನ್ನು ಸುತ್ತಿ, ಕೊನೆಗೆ ಲಂಡನ್ನಿನಲ್ಲಿ ನೆಲೆನಿಂತ ನಿಕೊಲಾಯ್ ಮೆಟ್ನರ್ ಎಂಬ ಪಿಯಾನೋ ವಾದಕ, ಸಂಗೀತ ರಚನೆಕಾರ.

ಮೆಟ್ನರ್ 1880ರ ಜನವರಿ 5ರಂದು ಮಾಸ್ಕೋದಲ್ಲಿ ಜನಿಸಿದ. ಪೂರ್ವಿಕರು ಜರ್ಮನಿಯ ಕಡೆಯವರು. ಆದುದರಿಂದ ಮನೆಯಲ್ಲಿ ಗಯಟೆಯೂ ಪೂಷ್ಕಿನ್ನನೂ ಸಮಾನವಾಗಿ ಪೂಜ್ಯರಾಗಿದ್ದರು. ಮೊದಲ ಪಾಠ ತಾಯಿಯಿಂದ, ಅನಂತರದ ಪಾಠ ತಾಯಿಯ ಕಡೆಯ ಬಂಧುವೊಬ್ಬನಿಂದಾಯಿತು. ಎಳೆಯ ವಯಸ್ಸಿನಲ್ಲಿಯೇ ಮಾಸ್ಕೋದ ಸಂಗೀತವಿದ್ಯಾಲಯವನ್ನು ಸೇರಿದ ಹುಡುಗ 1900ರಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ಉನ್ನತ ಗೌರವದೊಡನೆ ಹೊರಬಂದ. ವಾಸಿಲಿ ಸಫೋನೋವ್ ಆತನಿಗೆ ಪಿಯಾನೋ ಕಲಿಸಿದ ಗುರುಗಳಲ್ಲೊಬ್ಬ. ಆ ವಿದ್ಯಾಲಯದ ಶಿಕ್ಷಣ ಬಹು ಕಠಿನವಾದುದು. ನಮ್ಮಲ್ಲಿ ಸರಳೆ, ಜಂಟಿ, ಅಲಂಕಾರಗಳನ್ನು ವರ್ಷಗಟ್ಟಲೆ ಉಜ್ಜಿಸುವ ಗುರುಕುಲದ ಕ್ರಮವನ್ನು ಬಲ್ಲವರಿಗೆ ಅದರ ಸ್ವರೂಪವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಅದೇ ವಿದ್ಯಾಲಯದಿಂದ ಕೆಲವೇ ವರ್ಷಗಳ ಹಿಂದೆ ರಾಖ್ಮಾನಿನೋವ್ ಮತ್ತು ಸ್ಕ್ರಿಯಾಬಿನ್ ಹೊರಬಂದಿದ್ದರು. ಮೂವರ ಹೆಸರನ್ನೂ ಜನ ಒಂದೇ ಉಸಿರಿನಲ್ಲಿ ಹೇಳುವ ಕಾಲವೂ ಮಾಸ್ಕೋದಲ್ಲಿ ಬಂದಿತು.

ಅಂಥ ಬೆರಳುಗಳಿದ್ದವನು ಊರೂರು ತಿರುಗಿ ಕಛೇರಿ ಮಾಡಿ ಹಣವನ್ನೂ ಕೀರ್ತಿಯನ್ನೂ ಗಳಿಸಬೇಕೆಂದು ಮನೆಯವರು ನಿರೀಕ್ಷಿಸಿದುದು ಸಹಜ. ಮೆಟ್ನರ್ ಹಾಗೆ ಮಾಡಲಿಲ್ಲ. ವಿದ್ಯಾಲಯವನ್ನು ಬಿಟ್ಟೊಡನೆಯೇ, ತನ್ನ ಕೆಲಸ ಪರರ ಕೃತಿಗಳನ್ನು ನುಡಿಸುವುದಲ್ಲ, ಸ್ವಂತ ಕೃತಿಗಳನ್ನು ರಚಿಸುವುದು ಎಂದು ನಿಶ್ಚಯಿಸಿದ. ಈ ನಿಶ್ಚಯದಲ್ಲಿ ಆತನನ್ನು ಬೆಂಬಲಿಸಿದವರು ಇಬ್ಬರು: ಶಾಸ್ತ್ರಗುರುವಾದ ತನೇಯೆವ್ ಮತ್ತು ಹಿರಿಯ ಸೋದರ ಎಮಿಲ್. ಅಂದು ಮಾಡಿದ ಆಯ್ಕೆಯೇ ಆತನ ಬಾಳಿನ ಎಲ್ಲ ಬಡತನಕ್ಕೂ ಎಲ್ಲ ಸಾರ್ಥಕ್ಯಕ್ಕೂ ಮೂಲವಾಯಿತು.

ಮೆಟ್ನರನ ರಚನೆಗಳ ಪರಿಚಯವನ್ನು ಇಲ್ಲಿಯೇ ಸಂಕ್ಷೇಪವಾಗಿ ಮಾಡಿಕೊಳ್ಳುವುದು ಒಳ್ಳೆಯದು. ಪಿಯಾನೋ ಇಲ್ಲದ ಒಂದು ಕೃತಿಯನ್ನೂ ಆತ ಪ್ರಕಟಿಸಲಿಲ್ಲ. ಪಿಯಾನೋ ಒಂದಕ್ಕೇ ಬರೆದ ಸೊನಾಟಗಳು 14. ಸೊನಾಟವೆಂದರೆ, ಸ್ಥೂಲವಾಗಿ ಹೇಳುವುದಾದರೆ, ಎರಡು ನಾದವಸ್ತುಗಳು ಎದುರುಬದುರಾಗಿ ನಿಂತು, ವಾದಿಸಿ, ದೂರ ಅಲೆದು, ಕಡೆಗೆ ಮನೆಗೆ ಹಿಂದಿರುಗುವ ಒಂದು ಪ್ರಬಂಧ. ಪಿಟೀಲು ಮತ್ತು ಪಿಯಾನೋಗಳಿಗೆ ಮೂರು ಸೊನಾಟಗಳು. ವಾದ್ಯವೃಂದದೊಡನೆ ಪಿಯಾನೋ ಸಂವಾದ ನಡಸುವ ಕಾನ್ಸರ್ಟೊಗಳು ಮೂರು. ಗಯಟೆ, ಪೂಷ್ಕಿನ್, ತ್ಯೂಚೆವ್ ಮೊದಲಾದ ಕವಿಗಳ ಪದ್ಯಗಳಿಗೆ ಸ್ವರ ಹಾಕಿದ ಗೀತೆಗಳು ನೂರಕ್ಕೂ ಹೆಚ್ಚು. ಇವಲ್ಲದೆ ರುಷ್ಯನ್ ಭಾಷೆಯಲ್ಲಿ ಕಥೆಯೆಂದು ಅರ್ಥ ಬರುವ ಹೆಸರಿಟ್ಟು ಪಿಯಾನೋಗೆ ಬರೆದ ಚಿಕ್ಕ ಚಿಕ್ಕ ಕೃತಿಗಳಿವೆ. ಇದು ಮೆಟ್ನರ್ ತಾನೇ ಕಂಡುಕೊಂಡ ಪ್ರಕಾರ. ಅಜ್ಜಿ ಹೇಳುವ ಕಥೆಯಂತೆ ಅವು ಮೆಲ್ಲಗೆ ಮೊದಲಾಗುತ್ತವೆ; ನಡುವೆ ಕಾಡು ಬರುತ್ತದೆ, ಗಾಳಿ ಬರುತ್ತದೆ; ಭಯ ಹುಟ್ಟುವಷ್ಟರಲ್ಲಿ ಮುಗಿಯುತ್ತವೆ.

ಕಲೆಯ ವಿಷಯದಲ್ಲಿ ಮೆಟ್ನರ್ ಹಟಮಾರಿ. 1910ರಲ್ಲಿ ಬೀಥೋವನ್ನನ ನಾಲ್ಕನೆಯ ಕಾನ್ಸರ್ಟೊವನ್ನು ಅಭ್ಯಾಸ ಮಾಡುತ್ತಿದ್ದಾಗ, ಮೆಂಗಲ್‌ಬರ್ಗ್ ಎಂಬ ಪ್ರಸಿದ್ಧ ವೃಂದನಾಯಕನಿಗೂ ಈತನಿಗೂ ಕಾಲಪ್ರಮಾಣದ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದಿತು. ಮೆಟ್ನರ್ ಎದ್ದು ಹೊರನಡೆದ. ಹೊಸ ಶತಮಾನದ ಸಂಗೀತಗಾರರು ಶ್ರುತಿಕೇಂದ್ರವನ್ನೇ ಕಿತ್ತೊಗೆಯಲು ತೊಡಗಿದಾಗ ಆತ ಅವರೊಡನೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಸಂಗೀತಕ್ಕೆ ಸನಾತನವಾದ ನಿಯಮಗಳಿವೆ, ಅವನ್ನು ಕಾಲದ ಗೀಳಿಗೆ ಒಪ್ಪಿಸಬಾರದು ಎಂಬುದು ಆತನ ನಂಬಿಕೆ. ಈ ಮತವನ್ನು ಆತ 1935ರಲ್ಲಿ ಒಂದು ಪುಸ್ತಕವಾಗಿಯೂ ಬರೆದ. ಅದನ್ನು ಅಚ್ಚುಹಾಕಿಸಿದವನು ಗೆಳೆಯನಾದ ರಾಖ್ಮಾನಿನೋವ್. ಆ ಹಟದಲ್ಲಿ ಒಂದಿಷ್ಟು ಕುರುಡೂ ಇದ್ದಿತೆಂದು ಇಂದು ನಾವು ಹೇಳಬಹುದು; ಆತ ತಳ್ಳಿಹಾಕಿದ ನೂತನರಲ್ಲಿ ಮಹಾಪ್ರತಿಭೆಗಳೂ ಇದ್ದವು. ಆದರೆ ಆ ನಂಬಿಕೆಗೆ ತೆರಬೇಕಾದ ಬೆಲೆಯನ್ನು ಆತ ಪರರಿಂದ ಕೇಳಲಿಲ್ಲ, ತಾನೇ ತೆತ್ತ.

ಗೃಹಜೀವನವೂ ಸುಲಭವಾಗಿರಲಿಲ್ಲ. ಅನ್ನಾ ಎಂಬ ಪಿಟೀಲುವಾದಕಿಯನ್ನು ಮೆಟ್ನರ್ ತಾರುಣ್ಯದಲ್ಲಿಯೇ ಪ್ರೀತಿಸಿದ್ದ. ಆಕೆ ಮದುವೆಯಾದುದು ಅಣ್ಣನಾದ ಎಮಿಲನನ್ನು. ಆದರೂ ಆ ಪ್ರೇಮ ಅಳಿಯಲಿಲ್ಲ. ವಿಷಯ ತಿಳಿದ ಅಣ್ಣ ತಮ್ಮನನ್ನು ದ್ವೇಷಿಸಲಿಲ್ಲ. ಮೂವರೂ ಬಹುಕಾಲ ಒಂದೇ ಸಂಸಾರದವರಂತೆ ಬದುಕಿದರು. ವೃದ್ಧೆ ತಾಯಿಯ ಮನಸ್ಸು ನೋಯಬಾರದೆಂದು, ಆಕೆ 1918ರಲ್ಲಿ ತೀರಿಕೊಂಡ ಮೇಲೆಯೇ ಅನ್ನಾ ಮತ್ತು ನಿಕೊಲಾಯ್ ವಿಧಿವತ್ತಾಗಿ ಸತಿಪತಿಗಳಾದರು. ಅಲ್ಲಿಂದ ಮುಂದೆ ಬಂದ ಎಲ್ಲ ಕಷ್ಟಗಳಲ್ಲಿಯೂ ಅನ್ನಾ ಆತನ ಕೃತಿಗಳ ನಕಲುಗಾರ್ತಿ, ಮನೆಯೊಡತಿ, ಕಾವಲುಗಾರ್ತಿ ಎಲ್ಲವೂ ಆಗಿದ್ದಳು.

ಅಷ್ಟರಲ್ಲಿ 1917ರ ಕ್ರಾಂತಿ ನಡೆದುಹೋಗಿತ್ತು. ರಾಖ್ಮಾನಿನೋವ್ ಅದೇ ವರ್ಷದ ಕೊನೆಯಲ್ಲಿ ದೇಶ ಬಿಟ್ಟ. ಮೆಟ್ನರ್ ಇನ್ನೂ ಕೆಲವು ವರ್ಷ ಅಲ್ಲಿಯೇ ಇದ್ದು, ಸಂಗೀತವಿದ್ಯಾಲಯದಲ್ಲಿ ಪಾಠ ಹೇಳಿ, ಚಳಿಗೂ ಹಸಿವಿಗೂ ಒಗ್ಗಿಕೊಳ್ಳಲು ಯತ್ನಿಸಿದ. ತನ್ನ ಹಳೆಯ ಟಿಪ್ಪಣಿ ಪುಸ್ತಕಗಳಲ್ಲಿ ಎಂದೋ ಗೀಚಿಟ್ಟಿದ್ದ ಸ್ವರಗುಚ್ಛಗಳನ್ನು ಹೆಕ್ಕಿ ತೆಗೆದು, ಮರೆತ ರಾಗಗಳು ಎಂಬ ಅರ್ಥದ ಹೆಸರಿನಲ್ಲಿ ಪಿಯಾನೋ ಕೃತಿಮಾಲೆಗಳನ್ನು ಹೆಣೆದುದು ಆ ಸಂಕಟದ ವರ್ಷಗಳಲ್ಲಿಯೇ. ಅವುಗಳಲ್ಲಿ ಮೊದಲನೆಯದಾದ ಸ್ಮೃತಿಸೊನಾಟ ಇಂದು ಆತನ ಕೃತಿಗಳಲ್ಲೆಲ್ಲ ಹೆಚ್ಚು ಜನ ಕೇಳಿರುವಂಥದು. 1921ರಲ್ಲಿ ದಂಪತಿಗಳು ಗಡಿ ದಾಟಿದರು.

ಬರ್ಲಿನ್ ಆತನನ್ನು ಮನ್ನಿಸಲಿಲ್ಲ. ನೂತನತೆಯ ಅಮಲೇರಿದ್ದ ಆ ನಗರಕ್ಕೆ ಈತನ ಸಂಗೀತ ಹಳತಾಗಿ ಕಂಡಿತು. ರಾಖ್ಮಾನಿನೋವ್ ಮಧ್ಯೆ ನಿಂತು 1924-25ರಲ್ಲಿ ಅಮೆರಿಕದ ಪ್ರವಾಸವೊಂದನ್ನು ಏರ್ಪಡಿಸಿಕೊಟ್ಟ. ಹಿಂದಿರುಗಿದ ಮೇಲೆ ಪ್ಯಾರಿಸ್ಸಿನ ಹೊರವಲಯದಲ್ಲಿ ವಾಸ. ಅಲ್ಲಿಯೂ ಅದೇ ಉದಾಸೀನ. 1927ರಲ್ಲಿ ಒಮ್ಮೆ ರುಷ್ಯಾಕ್ಕೆ ಹೋಗಿ ಕಛೇರಿಗಳನ್ನು ನಡಸಿ ಬಂದ. ಮತ್ತೆ ತಾಯ್ನಾಡನ್ನು ಕಾಣುವ ಭಾಗ್ಯ ಆತನಿಗೆ ಒದಗಲಿಲ್ಲ. ಗೆಳೆಯರಿಬ್ಬರೂ ತಮ್ಮ ತಮ್ಮ ಕಾನ್ಸರ್ಟೊಗಳನ್ನು ಪರಸ್ಪರ ಅರ್ಪಿಸಿಕೊಂಡದ್ದು ಈ ಕಾಲದಲ್ಲಿ. ರಾಖ್ಮಾನಿನೋವನ ನಾಲ್ಕನೆಯದು ಮೆಟ್ನರನಿಗೆ, ಮೆಟ್ನರನ ಎರಡನೆಯದು ರಾಖ್ಮಾನಿನೋವನಿಗೆ. ಒಬ್ಬನು ಲೋಕವಿಖ್ಯಾತ, ಇನ್ನೊಬ್ಬನು ಬಾಡಿಗೆ ಕೊಡಲು ಪಾಠ ಹೇಳುವವನು. ಆ ಅಂತರ ಸ್ನೇಹಕ್ಕೆ ಅಡ್ಡಬರಲಿಲ್ಲ.

ಇಂಗ್ಲೆಂಡಿನ ಜನ ಮಾತ್ರ ಆತನನ್ನು ಆದರಿಸಿದರು. ಆದುದರಿಂದ 1935ರ ಹೊತ್ತಿಗೆ ದಂಪತಿಗಳು ಲಂಡನ್ನಿನ ಉತ್ತರ ಭಾಗದ ಒಂದು ಮನೆಗೆ ಬಂದು ಸೇರಿದರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಎರಡನೆಯ ಮಹಾಯುದ್ಧ. ಆತನ ಪ್ರಕಾಶಕರು ಜರ್ಮನಿಯವರು. ಅಲ್ಲಿಂದ ಬರುತ್ತಿದ್ದ ಅಲ್ಪ ಆದಾಯವೂ ನಿಂತಿತು. ಬಾಂಬಿನ ಭಯಕ್ಕೆ ಶಿಷ್ಯರೂ ಚದುರಿದರು. ಎಡ್ನಾ ಐಲ್ಸ್ ಎಂಬ ಆಂಗ್ಲ ಪಿಯಾನೋವಾದಕಿಯೂ ಆಕೆಯ ಮನೆಯವರೂ ಈ ವೃದ್ಧ ದಂಪತಿಗಳಿಗೆ ಲಂಡನ್ನಿನಿಂದ ದೂರ ಆಶ್ರಯವಿತ್ತರು. 1942ರಲ್ಲಿ ಮೆಟ್ನರನಿಗೆ ಹೃದಯಾಘಾತವಾಯಿತು. ಚೇತರಿಸಿಕೊಂಡವನು 1943ರಲ್ಲಿ ಮೂರನೆಯ ಕಾನ್ಸರ್ಟೊವನ್ನು ಬರೆದು ಮುಗಿಸಿದ. ಲೆರ್ಮೊಂತೊವ್ ಕವಿಯ ಜಲಕನ್ಯೆಯ ಕಥನಕವನ ಅದರ ಆರಂಭಕ್ಕೆ ಪ್ರೇರಣೆ. 1944ರ ಫೆಬ್ರವರಿ 19ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಆತನೇ ಅದನ್ನು ಮೊದಲ ಬಾರಿಗೆ ನುಡಿಸಿದ. ಸಭೆ ಮೆಚ್ಚಿತು, ಆದರೆ ಮೆಚ್ಚುಗೆಯಿಂದ ಮನೆ ನಡೆಯಲಿಲ್ಲ. ರಾಖ್ಮಾನಿನೋವ್ ಹಿಂದಿನ ವರ್ಷವೇ ಅಮೆರಿಕದಲ್ಲಿ ತೀರಿಕೊಂಡಿದ್ದ. ಇನ್ನು ಈತನ ಕೃತಿಗಳು ಈತನೊಡನೆಯೇ ಮಣ್ಣಾಗುವುವೆಂದು ಯಾರೂ ಊಹಿಸಬಹುದಾಗಿತ್ತು.

ಸಹಾಯ ಬಂದುದು ಯಾರೂ ನೆನಸದ ದಿಕ್ಕಿನಿಂದ. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಮಗನಾಗಿ 1919ರ ಜುಲೈ 18ರಂದು ಜನಿಸಿದ ಜಯಚಾಮರಾಜೇಂದ್ರ ಒಡೆಯರು ಬಾಲ್ಯದಿಂದಲೂ ಪಿಯಾನೋ ಕಲಿತವರು. ಮೈಸೂರಿನ ಅರಮನೆಯಲ್ಲಿ ವೀಣೆ ಶೇಷಣ್ಣನವರ ವೀಣೆ ಮೊಳಗಿದ ಹಾಗೆಯೇ ಪಾಶ್ಚಾತ್ಯ ವಾದ್ಯವೃಂದವೂ ಮೊಳಗುತ್ತಿದ್ದಿತು. ದೊಡ್ಡಪ್ಪಂದಿರಾದ ನಾಲ್ವಡಿ ಕೃಷ್ಣರಾಜ ಒಡೆಯರು ಎರಡೂ ಸಂಗೀತಗಳನ್ನು ಬಲ್ಲವರು. ಕಛೇರಿ ನಡಸುವ ಪಿಯಾನೋವಾದಕನಾಗಬೇಕೆಂಬುದು ತರುಣ ರಾಜಕುಮಾರರ ಹಂಬಲವಾಗಿತ್ತು. 1940ರಲ್ಲಿ, ಐದೇ ತಿಂಗಳ ಅಂತರದಲ್ಲಿ, ತಂದೆಯೂ ದೊಡ್ಡಪ್ಪಂದಿರೂ ತೀರಿಕೊಂಡರು. ಇಪ್ಪತ್ತೊಂದನೆಯ ವಯಸ್ಸಿಗೆ ಸಿಂಹಾಸನವೇರಿದವರು ಆ ಹಂಬಲವನ್ನು ಕೈಬಿಡಬೇಕಾಯಿತು. ಕೈಬಿಟ್ಟ ವಿದ್ಯೆಯ ಮೇಲಿನ ಪ್ರೀತಿ ಮಾತ್ರ ಬಿಡಲಿಲ್ಲ. ಅವರ ಗ್ರಾಮಫೋನ್ ತಟ್ಟೆಗಳ ಸಂಗ್ರಹ ಬಹು ದೊಡ್ಡದು. ಲೋಕ ಮರೆತಿದ್ದ ಮೆಟ್ನರನ ಸಂಗೀತದ ಮೇಲೆ ಅವರಿಗೆ ವಿಶೇಷವಾದ ಒಲವು ಬೆಳೆಯಿತು.

1946ರಲ್ಲಿ ಮೈಸೂರಿನ ಸಂಕಲ್ಪ ಮೆಟ್ನರನ ಮನೆಗೆ ಮುಟ್ಟಿತು. ಆತನ ಕೃತಿಗಳನ್ನೆಲ್ಲ, ಆತನ ಕೈಯಿಂದಲೇ ನುಡಿಸಿ, ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಬೇಕು, ವೆಚ್ಚ ಮಹಾರಾಜರದು. ಅರವತ್ತಾರು ವರ್ಷದ ರೋಗಿಗೆ ಇದು ಕನಸಿನಂತೆ ತೋರಿರಬೇಕು. 1947ರಲ್ಲಿ ಕೆಲಸ ಆರಂಭವಾಯಿತು. ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ಮೂರು ಕಾನ್ಸರ್ಟೊಗಳೂ ಮುದ್ರಿತವಾದುವು. ಮುಂದಿನ ವರ್ಷಗಳಲ್ಲಿ ಸೊನಾಟಗಳು, ಕಥೆಗಳು, ಗೀತೆಗಳು ಬಂದುವು. ಅಂದಿಗೆ ತರುಣಿಯಾಗಿದ್ದ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಎಂಬ ಗಾಯಕಿ ಆತನ ಪಿಯಾನೋ ಜೊತೆಗೆ ಹಾಡಿದುದು 1950ರಲ್ಲಿ. ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊ, ಒಂದು ಪಿಯಾನೋ ಕೂಡಿದ ಪಂಚವಾದ್ಯಕೃತಿಯೊಂದನ್ನು ಮೆಟ್ನರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ತೊಡಗಿದ್ದ. ನಾಲ್ಕು ದಶಕಗಳಿಗೂ ಮೀರಿ ಅದು ಅಪೂರ್ಣವಾಗಿ ಉಳಿದಿದ್ದಿತು. ಬದುಕಿಗೆ ಒಂದಿಷ್ಟು ನೆಮ್ಮದಿ ದೊರೆತ ಈ ಕೊನೆಗಾಲದಲ್ಲಿ ಅದನ್ನು ಪೂರ್ತಿಮಾಡಿ, ತಾನೇ ಪಿಯಾನೋ ಮುಂದೆ ಕುಳಿತು ಮುದ್ರಣಕ್ಕೂ ನುಡಿಸಿದ. ತನ್ನ ಬಾಳಿನ ಸಾರವೆಲ್ಲ ಅದರಲ್ಲಿದೆಯೆಂದು ಆತ ಭಾವಿಸಿದ್ದ.

ಮೆಟ್ನರ್ ಸೊಸೈಟಿಯ ಹೆಸರಿನಲ್ಲಿ ಹೀಗೆ ಮೂರು ದೊಡ್ಡ ಸಂಪುಟಗಳು ಹೊರಬಂದುವು. ಎಲ್ಲ ಕೃತಿಗಳನ್ನೂ ಮುದ್ರಿಸುವ ಸಂಕಲ್ಪ ಪೂರ್ಣವಾಗಲಿಲ್ಲ. ಇತ್ತ ಸಂಸ್ಥಾನ ಭಾರತದಲ್ಲಿ ಸೇರಿತು, ಅತ್ತ ಕಲಾವಿದನ ಹೃದಯ ಕುಗ್ಗುತ್ತ ಬಂದಿತು. 1951ರ ನವೆಂಬರ್ 13ರಂದು ಮೆಟ್ನರ್ ಲಂಡನ್ನಿನಲ್ಲಿ ಕಣ್ಣುಮುಚ್ಚಿದ. ಮೂರನೆಯ ಕಾನ್ಸರ್ಟೊ ಮೈಸೂರಿನ ನೆರವು ಬರುವುದಕ್ಕೆ ಮೂರು ವರ್ಷ ಮುಂಚೆಯೇ ಬರೆದು ಮುಗಿದಿದ್ದರೂ, ಅದನ್ನು ಆತ ಕೃತಜ್ಞತೆಯಿಂದ ಮೈಸೂರಿನ ಮಹಾರಾಜರಿಗೇ ಅರ್ಪಿಸಿದ. ಹಿಂದಿನ ಕಾನ್ಸರ್ಟೊವನ್ನು ಪ್ರಾಣಸ್ನೇಹಿತನಿಗೆ ಕೊಟ್ಟಿದ್ದವನು ಇದನ್ನು, ತಾನೆಂದೂ ಕಾಲಿಡದ ದೇಶದ ದೊರೆಗೆ ಕೊಟ್ಟ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅದನ್ನು ಮುಚ್ಚಿಡುವುದು ತರವಲ್ಲ. ಈ ಸಹಾಯ ಹರಿದ ವರ್ಷಗಳು ಎಂಥವು? ಯುದ್ಧಾನಂತರದ ಧಾನ್ಯದ ಅಭಾವದ ವರ್ಷಗಳು. ಜವಾಬ್ದಾರಿ ಸರ್ಕಾರಕ್ಕಾಗಿ ಪ್ರಜೆಗಳು ಹೋರಾಡುತ್ತಿದ್ದ ವರ್ಷಗಳು. 1947ರ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿ ನಡೆದು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಪಾಂಡವಪುರದ ನಾಲೆಯ ಬಯಲಿನಲ್ಲಿ ಬತ್ತ ಬೆಳೆದವನೂ, ಮಳೆಯೊಂದನ್ನೇ ನೆಚ್ಚಿ ನಾಗಮಂಗಲದ ಹೊಲದಲ್ಲಿ ರಾಗಿ ಬಿತ್ತಿದವನೂ, ಕೃಷ್ಣರಾಜಪೇಟೆಯ ಸಂತೆಯಲ್ಲಿ ಎತ್ತು ಮಾರಿದವನೂ, ದೊರೆಯ ಐಶ್ವರ್ಯ ತಮ್ಮ ಬೆವರೇ ಅಲ್ಲವೇ, ಅದು ಯಾರೋ ರುಷ್ಯದವನ ಪಿಯಾನೋಗೆ ಏಕೆ ಹೋಗಬೇಕು ಎಂದು ಕೇಳಿದ್ದರೆ, ಅದು ಅನ್ಯಾಯದ ಪ್ರಶ್ನೆಯಾಗುತ್ತಿರಲಿಲ್ಲ. ರಾಜರ ರಸಿಕತೆ ಎಷ್ಟೇ ಉನ್ನತವಾಗಿರಲಿ, ಅದನ್ನು ಪ್ರಜೆ ಕೇಳಿ ಒಪ್ಪಿದುದಲ್ಲ.

ಆದರೆ ಇದೇ ಸೀಮೆಯ ಇನ್ನೊಂದು ಸಂಗತಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಮೇಲುಕೋಟೆಯ ಚೆಲುವನಾರಾಯಣಸ್ವಾಮಿಗೆ ರಾಜ ಒಡೆಯರು ಅರ್ಪಿಸಿದ ರಾಜಮುಡಿಯನ್ನೂ, ಮುಮ್ಮಡಿ ಕೃಷ್ಣರಾಜ ಒಡೆಯರು ಅರ್ಪಿಸಿದ ಕೃಷ್ಣರಾಜಮುಡಿಯನ್ನೂ ಕಾಣಲು ಜನ ಇಂದಿಗೂ ಬೆಟ್ಟ ಹತ್ತುತ್ತಾರೆ. ಆ ಕಿರೀಟಗಳ ಚಿನ್ನವೂ ರೈತನ ಬೆವರಿನದೇ. ಅದನ್ನು ಕೊಟ್ಟದ್ದು ವ್ಯರ್ಥವೆಂದು ರೈತ ಹೇಳುವುದಿಲ್ಲ. ಏಕೆಂದರೆ ಆ ಚೆಲುವಿನಲ್ಲಿ ಆತನಿಗೂ ಪಾಲಿದೆ, ವರ್ಷಕ್ಕೊಮ್ಮೆಯಾದರೂ ಅದನ್ನು ಆತ ಕಣ್ಣಾರೆ ಕಾಣುತ್ತಾನೆ. ಮೆಟ್ನರನಿಗೆ ಸಂದ ಕೊಡುಗೆಯ ಕೊರತೆ ಇರುವುದು ಇಲ್ಲಿಯೇ ಎಂದು ತೋರುತ್ತದೆ. ಕೊಟ್ಟುದು ತಪ್ಪಾಯಿತೆಂದು ನಾನು ಹೇಳಲಾರೆ. ಕೊಟ್ಟು ಉಳಿಸಿದ ಸಂಪತ್ತು ಕೊಟ್ಟ ನಾಡಿನ ಕಿವಿಗೆ ಬೀಳದೆಯೇ ಹೋಯಿತು.

ಮಹಾರಾಜರ ನೆರವು ಮೆಟ್ನರನೊಬ್ಬನಿಗೆ ನಿಲ್ಲಲಿಲ್ಲ. ಲಂಡನ್ನಿನ ಫಿಲ್ಹಾರ್ಮೋನಿಯಾ ಕಛೇರಿ ಸಂಘಕ್ಕೆ 1948ರಲ್ಲಿ ಅವರೇ ಮೊದಲ ಅಧ್ಯಕ್ಷರಾದರು. ರಿಚರ್ಡ್ ಸ್ಟ್ರೌಸ್ ಎಂಬ ಮಹಾ ರಚನೆಕಾರನ ಕೊನೆಯ ನಾಲ್ಕು ಗೀತೆಗಳು, ಆತ ತೀರಿಕೊಂಡ ಮೇಲೆ, 1950ರ ಮೇ 22ರಂದು ಲಂಡನ್ನಿನಲ್ಲಿ ಮೊಟ್ಟಮೊದಲು ಹಾಡಲ್ಪಟ್ಟ ಕಛೇರಿಗೂ ಅವರ ಹಣದ ಭರವಸೆ ಆಧಾರವಾಗಿತ್ತು. ಇದೇ ದೊರೆ ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ಕರ್ಣಾಟಕ ಸಂಗೀತದಲ್ಲಿ ರಚಿಸಿದವರೆಂಬುದನ್ನು ನೆನೆದರೆ, ಪೂರ್ವ ಪಶ್ಚಿಮಗಳೆಂಬ ಗೋಡೆ ಅವರ ಮನಸ್ಸಿನಲ್ಲಿ ಇರಲಿಲ್ಲವೆಂದು ತಿಳಿಯುತ್ತದೆ. 1974ರ ಸೆಪ್ಟೆಂಬರ್ 23ರಂದು ಅವರೂ ತೀರಿಕೊಂಡರು.

ಅನ್ನಾ 1958ರಲ್ಲಿ ಪತಿಯ ಹಸ್ತಪ್ರತಿಗಳನ್ನು ಕಟ್ಟಿಕೊಂಡು ಮಾಸ್ಕೋಗೆ ಹಿಂದಿರುಗಿದಳು. ಯಾವ ನಾಡು ಆತನನ್ನು ಮರೆತಿದ್ದಿತೋ ಅದೇ ನಾಡಿನ ಸರ್ಕಾರ 1959ರಿಂದ 1963ರೊಳಗೆ ಆತನ ಸಮಗ್ರ ಕೃತಿಗಳನ್ನು 12 ಸಂಪುಟಗಳಲ್ಲಿ ಅಚ್ಚುಮಾಡಿಸಿತು. ಗಿಲೆಲ್ಸ್‌ನಂಥ ಮಹಾವಾದಕರು ಸ್ಮೃತಿಸೊನಾಟವನ್ನು ಕಛೇರಿಗಳಲ್ಲಿ ನುಡಿಸಿದರು. ಮುಂದೆ ಜೆಫ್ರಿ ಟೋಜರ್, ಹೇಮಿಷ್ ಮಿಲ್ನ್, ಹಾಮ್ಲಾನ್ ಮೊದಲಾದವರು ಪಶ್ಚಿಮದಲ್ಲಿ ಆತನನ್ನು ಮತ್ತೆ ಬೆಳಕಿಗೆ ತಂದರು. ಮೆಟ್ನರ್ ತನ್ನ ಲಯವನ್ನೂ ಭಾವವನ್ನೂ ಹೇಗೆ ಉದ್ದೇಶಿಸಿದ್ದನೆಂದು ತಿಳಿಯಬೇಕಾದಾಗ ಈ ವಾದಕರಿಗೂ ವಿದ್ವಾಂಸರಿಗೂ ಬಹುಮಟ್ಟಿಗೆ ದಿಕ್ಕಾಗುವುದು ಮೈಸೂರಿನ ಹಣದಿಂದ ಮುದ್ರಿತವಾದ ಆ ತಟ್ಟೆಗಳೇ. ಬರೆದ ಸ್ವರಲಿಪಿ ಕಾಗದದಲ್ಲಿ ಹೇಗಾದರೂ ಉಳಿದೀತು. ಬರೆದವನ ಬೆರಳಿನ ದನಿ ಉಳಿಯುವುದು ದುರ್ಲಭ.

ತನ್ನ ಕೃತಿಯನ್ನು ಅರಿಯಬಲ್ಲ ಸಮಾನಧರ್ಮಿಗಾಗಿ ಕಾದವನು ನಮ್ಮ ಭವಭೂತಿ. ಅಂಥವನು ಎಂದು ಬರುವನೋ, ಎಲ್ಲಿ ಹುಟ್ಟುವನೋ ಎಂದು ಹಂಬಲಿಸಿದ ಕವಿಗಳಲ್ಲಿ ಬಹುಮಂದಿ ಆತನನ್ನು ಕಾಣದೆಯೇ ಹೋದರು. ಮೆಟ್ನರನಿಗೆ ಬದುಕಿರುವಾಗಲೇ ಅಂಥ ಸಹೃದಯ ದೊರೆತ. ದೊರೆತದ್ದು ಕಾವೇರಿಯ ದಡದ ಸೀಮೆಯಲ್ಲಿ. ಮೂರನೆಯ ಕಾನ್ಸರ್ಟೊವನ್ನು ಪೂರ್ತಿಯಾಗಿ ಕೇಳಲು ಮುಕ್ಕಾಲು ಗಂಟೆಯೂ ಬೇಡ. ಇಂದು ಅದನ್ನು ಕೇಳಲು ಅರಮನೆಯ ಸಂಗ್ರಹವೂ ಬೇಡ, ಕೈಯಲ್ಲಿರುವ ಫೋನು ಸಾಕು. ಶ್ರೀರಂಗಪಟ್ಟಣದಲ್ಲಿಯೋ ನಾಗಮಂಗಲದಲ್ಲಿಯೋ ಒಂದು ಕಾಲೇಜಿನ ಸಂಘ ಯಾವುದಾದರೂ ಒಂದು ಸಂಜೆ ನಾಲ್ಕು ಜನರನ್ನು ಕೂರಿಸಿ, ಇದು ನಮ್ಮ ದೊರೆಗೆ ಅಂಕಿತವಾದ ಕೃತಿಯೆಂದು ಹೇಳಿ, ಅದನ್ನು ಕೇಳಿಸಲಿ. ಎಲ್ಲರೂ ಮೆಚ್ಚಬೇಕಾಗಿಲ್ಲ. ನಮ್ಮ ಹಿರಿಯರ ಬೆವರು ಉಳಿಸಿಕೊಟ್ಟ ನಾದ ಹೇಗಿದೆಯೆಂದು ಅವರ ಮೊಮ್ಮಕ್ಕಳಿಗೆ ತಿಳಿದರೆ ಸಾಕು.